ವಿದ್ಯಾದಾನದ ಹೊರೆ ಹೊತ್ತವರು: ಕನ್ನಡ ನಾಡಿನಲ್ಲಿ ಧರ್ಮಶಿಕ್ಷಣದ ಖರ್ಚುವೆಚ್ಚ

ಕನ್ನಡ ನಾಡಿನಲ್ಲಿ ವೇದ, ಆಗಮ, ಸಿದ್ಧಾಂತಗಳನ್ನು ಕಲಿಯಲು ಬಂದ ವಿದ್ಯಾರ್ಥಿ ಬಹುಕಾಲ ಗುರುವಿಗೆ ಶುಲ್ಕ ತೆರಬೇಕಾಗಿರಲಿಲ್ಲ. ವಿದ್ಯೆ ದಾನದ ವಸ್ತು, ಮಾರಾಟದ ಸರಕಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಆದರೆ ಕಲಿಕೆಗೆ ಖರ್ಚು ಇದ್ದೇ ಇತ್ತು. ಗುರುವಿನ ಸಂಸಾರ ಸಾಗಬೇಕು. ವಿದ್ಯಾರ್ಥಿಗೆ ಎರಡು ಹೊತ್ತಿನ ಊಟ, ತಲೆಯ ಮೇಲೊಂದು ಸೂರು, ರಾತ್ರಿ ಓದಲು ದೀಪದ ಎಣ್ಣೆ, ಬರೆಯಲು ಓಲೆಗರಿ ಬೇಕು. ಈ ಹೊರೆಯನ್ನು ಯಾರು ಹೊತ್ತರು ಎಂಬುದು ಕಾಲಕಾಲಕ್ಕೆ ಬದಲಾಯಿತು. ಅದರ ಜೊತೆಗೆ ಯಾರು ಕಲಿಯಬಹುದು ಎಂಬುದೂ ಬದಲಾಯಿತು.

ಶಿಕಾರಿಪುರದ ಬಳಿಯ ತಾಳಗುಂದದ ಶಾಸನ ಈ ಕಥೆಯ ಹಳೆಯ ಎಳೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ (ಉನ್ನತ ವಿದ್ಯಾಕೇಂದ್ರ) ವೇದಾಧ್ಯಯನಕ್ಕೆ ಹೋದ ಸಂಗತಿಯನ್ನು ಅದು ಹೇಳುತ್ತದೆ. ಉನ್ನತ ವ್ಯಾಸಂಗಕ್ಕೆ ಅಷ್ಟು ದೂರ ನಡೆಯಬೇಕಾಗಿದ್ದ ಕಾಲ ಅದು. ಮುಂದಿನ ಶತಮಾನಗಳಲ್ಲಿ ಅಗ್ರಹಾರ, ಬ್ರಹ್ಮಪುರಿ, ಘಟಿಕಾಸ್ಥಾನಗಳು ಕನ್ನಡ ನಾಡಿನಲ್ಲೇ ನೆಲೆಗೊಂಡವು.

ಇವುಗಳ ಆಯವ್ಯಯ ಹೇಗೆ ನಡೆಯುತ್ತಿತ್ತು ಎಂಬುದನ್ನು ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನ ವಿವರವಾಗಿ ತಿಳಿಸುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ 945ರಲ್ಲಿ ಇಲ್ಲಿನ ತ್ರೈಪುರುಷ ದೇವಾಲಯಕ್ಕೆ ಸೇರಿದ ಶಾಲೆಯನ್ನು ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು. ಗುರುವಿನ ಜೀವನಕ್ಕೆ 50 ನಿವರ್ತನ (ಅಂದಿನ ಭೂಮಿಯ ಅಳತೆ), ದೀಪದ ಖರ್ಚಿಗೆ 12 ನಿವರ್ತನ ಭೂಮಿ ಮೀಸಲಾಗಿತ್ತು. ಊರಿನವರ ಪಾಲೂ ಅದರಲ್ಲಿತ್ತು: ಮದುವೆಯಾದರೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದಕ್ಕಿಂತ ಕಡಿಮೆ ಎಂದು ಶಾಲೆಗೆ ಸಲ್ಲಬೇಕಿತ್ತು. ಹೀಗೆ ರಾಜನ ಮಂತ್ರಿ ಕೊಟ್ಟ ಭೂಮಿಗೆ ಊರಿನ ಪ್ರತಿ ಶುಭಕಾರ್ಯದ ಕಾಣಿಕೆ ಸೇರಿ ಶಾಲೆ ನಡೆಯಿತು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಈ ವ್ಯವಸ್ಥೆ ಇನ್ನೂ ದೊಡ್ಡದಾಗಿ ಬೆಳೆಯಿತು. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ 1058ರ ಶಾಸನ ಅಲ್ಲಿನ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದ ಕಲಿಯುವ 200 ಮಂದಿಗೂ ಶಾಸ್ತ್ರ ಕಲಿಯುವ 50ಕ್ಕೂ ಹೆಚ್ಚು ಮಂದಿಗೂ ಅನ್ನ, ವಸತಿಗಳ ಏರ್ಪಾಡಿತ್ತು. ವೇದಕ್ಕೂ ಶಾಸ್ತ್ರಕ್ಕೂ ಬೇರೆ ಬೇರೆ ಉಪಾಧ್ಯಾಯರಿದ್ದರು. ಪುಸ್ತಕಗಳನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗರು ಇದ್ದರು. ಅವರ ಜೀವನಕ್ಕೂ ಭೂಮಿ ಬಿಡಲಾಗಿತ್ತು. ಗ್ರಂಥಪಾಲನೆಯನ್ನು ಸಂಬಳದ ವೃತ್ತಿಯಾಗಿ ಕಂಡ ಬಹು ಹಳೆಯ ನಿದರ್ಶನಗಳಲ್ಲಿ ಇದೊಂದು.

ಶಿಕಾರಿಪುರದ ಬಳಿಯ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠ ಕಾಳಾಮುಖ ಶೈವರದು. 1162ರ ಶಾಸನದ ಪ್ರಕಾರ ಅಲ್ಲಿ ವೇದ, ವ್ಯಾಕರಣ, ಷಡ್ದರ್ಶನ, ಲಾಕುಲ ಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ಪರಮತದ ಶಾಸ್ತ್ರಗಳೂ ಓದಿನ ವಿಷಯವಾಗಿದ್ದವು. ದೀನರು, ಅಂಗವಿಕಲರು, ದೃಷ್ಟಿಹೀನರಿಗೆ ಅನ್ನ, ರೋಗಿಗಳಿಗೆ ಔಷಧ ಅದೇ ಮಠದಲ್ಲಿ ಸಿಗುತ್ತಿತ್ತು. ಜೈನರು ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ ಎಣಿಸಿದರು. ಜೈನ ದಾನಿ ಅತ್ತಿಮಬ್ಬೆ ಕವಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದ್ದು ಈ ದಾನವೇ. ಪುಸ್ತಕವೇ ದುಬಾರಿಯಾಗಿದ್ದ ಕಾಲದಲ್ಲಿ ಓದುವವರ ಹೊರೆಯನ್ನು ಒಬ್ಬ ಹೆಣ್ಣುಮಗಳು ಇಷ್ಟು ದೊಡ್ಡ ಪ್ರಮಾಣದಲ್ಲಿ ಇಳಿಸಿದಳು.

ಇಸ್ಲಾಂ ವಿದ್ಯೆಗೂ ಇಂಥ ಆಸರೆ ದೊರೆಯಿತು. ಬಹಮನಿ ಸುಲ್ತಾನರ ವಜೀರ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮೂರು ಅಂತಸ್ತಿನ ಮದರಸವನ್ನು ಕಟ್ಟಿಸಿದ. ಮಸೀದಿ, ಉಪನ್ಯಾಸದ ಹಜಾರ, ಗುರುಶಿಷ್ಯರ ಕೋಣೆಗಳು, ಸುಮಾರು 3000 ಹಸ್ತಪ್ರತಿಗಳ ಗ್ರಂಥಾಲಯ ಅಲ್ಲಿದ್ದವು. ವಿದ್ಯಾರ್ಥಿಗಳ ಊಟ, ವಸತಿ ಉಚಿತ. 1696ರಲ್ಲಿ ಒಳಗಿದ್ದ ಮದ್ದಿನ ಪುಡಿ ಸಿಡಿದು ಕಟ್ಟಡದ ದೊಡ್ಡ ಭಾಗ ಕುಸಿಯಿತು. ಉಳಿದ ಮಿನಾರು ಮತ್ತು ಬಣ್ಣದ ಹೆಂಚಿನ ಗೋಡೆಗಳು ಇಂದಿಗೂ ನಿಂತಿವೆ.

ಅರಸರ ದತ್ತಿ ಸಿಗದ ಕಡೆ ಗೃಹಸ್ಥರು ಹೊರೆ ಹೊತ್ತರು. ವಾರಾನ್ನ ಎಂಬ ಪದ್ಧತಿ ಹುಟ್ಟಿದ್ದು ಹೀಗೆ. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದ. ಯಾವ ಮನೆಗೂ ವಾರದಲ್ಲಿ ಒಂದು ದಿನಕ್ಕಿಂತ ಹೆಚ್ಚು ಭಾರ ಬೀಳುತ್ತಿರಲಿಲ್ಲ. ಪಾಠಶಾಲೆಯ ವಿದ್ಯಾರ್ಥಿಗಳಷ್ಟೇ ಅಲ್ಲ, ಮುಂದೆ ಇಂಗ್ಲಿಷ್ ಶಾಲೆಗೆ ಹೋದವರೂ ಇಪ್ಪತ್ತನೆಯ ಶತಮಾನದವರೆಗೆ ವಾರಾನ್ನದಲ್ಲಿ ಓದಿದರು. ಊಟ ಸಿಗದ ವಾರವೂ, ಪಂಕ್ತಿಯಲ್ಲಿ ಅವಮಾನವಾದ ದಿನವೂ ಅದರ ಭಾಗವಾಗಿದ್ದವು.

ಅಗ್ರಹಾರ, ಘಟಿಕೆ, ವಾರಾನ್ನ ಈ ಮೂರಕ್ಕೂ ಒಂದು ಮಿತಿಯಿತ್ತು. ಇವುಗಳ ಪ್ರಯೋಜನ ಬಹುಮಟ್ಟಿಗೆ ಬ್ರಾಹ್ಮಣ ಗಂಡುಮಕ್ಕಳಿಗೆ ದೊರೆಯಿತು. ಭೂಮಿ ಉತ್ತು ದತ್ತಿಯ ಆದಾಯ ಬೆಳೆದವರ ಮಕ್ಕಳಿಗೆ ಆ ಶಾಲೆಯ ಬಾಗಿಲು ತೆರೆದಿರಲಿಲ್ಲ. ಖರ್ಚು ಹೊತ್ತವರೊಬ್ಬರು, ಕಲಿತವರೊಬ್ಬರು.

ಹತ್ತೊಂಬತ್ತನೆಯ ಶತಮಾನದಲ್ಲಿ ಪರೀಕ್ಷೆ ಮತ್ತು ಪದವಿ ಬಂದವು. ಮೈಸೂರಿನಲ್ಲಿ 1876ರಲ್ಲಿ ಆರಂಭವಾದ ಮಹಾರಾಜ ಸಂಸ್ಕೃತ ಪಾಠಶಾಲೆ ವೇದ, ಆಗಮ, ವೇದಾಂತದ ಪಾಠವನ್ನು ಸಂಸ್ಥಾನದ ಬೊಕ್ಕಸದ ಬಲದಲ್ಲಿ ನಡೆಸಿತು. ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಎಂಬ ಮೆಟ್ಟಿಲುಗಳು ನಾಡಿನ ಪಾಠಶಾಲೆಗಳಿಗೆಲ್ಲ ಅಳತೆಗೋಲಾದವು. ಕ್ರೈಸ್ತ ದೈವಶಾಸ್ತ್ರದ ಪದವಿಗೆ ದಾರಿ ಬಂಗಾಳದಿಂದ ಬಂತು. 1818ರಲ್ಲಿ ಸ್ಥಾಪಿತವಾದ ಸೆರಾಂಪುರ ಕಾಲೇಜಿಗೆ ಡೆನ್ಮಾರ್ಕಿನ ದೊರೆ 1827ರ ಸನ್ನದಿನಲ್ಲಿ ಪದವಿ ಕೊಡುವ ಅಧಿಕಾರ ನೀಡಿದ್ದ. 1918ರ ಕಾಯ್ದೆ ಅದನ್ನು ಭದ್ರಪಡಿಸಿತು. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಈ ಸೆರಾಂಪುರ ವ್ಯವಸ್ಥೆಗೇ ಸೇರಿದವು. ಮಂಗಳೂರಿನ ಜೆಪ್ಪುವಿನಲ್ಲಿ 1879ರಿಂದ ಕ್ಯಾಥೋಲಿಕ್ ಸೆಮಿನರಿ ನಡೆದಿದೆ. ಇಂಥ ಕಡೆ ಅಭ್ಯರ್ಥಿಯ ಖರ್ಚಿನ ದೊಡ್ಡ ಪಾಲನ್ನು ಸಭೆ ಅಥವಾ ಧರ್ಮಪ್ರಾಂತ್ಯ ಹೊರುತ್ತದೆ; ಕಲಿತವನು ಸಭೆಯ ಸೇವೆಗೆ ನಿಲ್ಲುತ್ತಾನೆ.

ವೀರಶೈವ ಮಠಗಳು ದಾಸೋಹವನ್ನು, ಅಂದರೆ ಉಚಿತ ಅನ್ನದಾನದ ಸೇವೆಯನ್ನು, ವಿದ್ಯೆಗೆ ಬೆಸೆದವು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಸ್ಥಾಪಿಸಿ ಮಠಾಧಿಪತಿಗಳಾಗುವ ವಟುಗಳಿಗೆ ತರಬೇತಿ ಕೊಡಿಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಜಾತಿ, ಮತ ಕೇಳದೆ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿದರು. ರೈತರು ತಂದು ಸುರಿದ ರಾಗಿ, ಅಕ್ಕಿ ಆ ಅಡುಗೆಮನೆಯನ್ನು ನಡೆಸಿತು. ಹಿಂದಿನ ದತ್ತಿಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ಇಲ್ಲಿ ಬೆಳೆದವನ ಮಗನೇ ಪಂಕ್ತಿಯಲ್ಲಿ ಕೂತ.

ಹಳೆಯ ಆಸರೆ ಮಾತ್ರ ಸರಿಯಿತು. 1955ರ ಮೈಸೂರು ಧಾರ್ಮಿಕ ಇನಾಂ ರದ್ದತಿ ಕಾಯ್ದೆ ಮತ್ತು 1974ರ ಭೂಸುಧಾರಣೆ ದೇವಸ್ಥಾನ, ಮಠಗಳ ಗೇಣಿ ಭೂಮಿಯನ್ನು ಉಳುವವರಿಗೆ ದಾಟಿಸಿದವು. ಬದಲಿಗೆ ಬಂದ ತಸ್ತೀಕಿನ, ಅಂದರೆ ಸರ್ಕಾರ ವರ್ಷವರ್ಷ ಕೊಡುವ, ಹಣ ಬೆಲೆಯೇರಿಕೆಯ ಮುಂದೆ ನಿಲ್ಲಲಿಲ್ಲ. ಭಕ್ತರ ಕಾಣಿಕೆಯನ್ನೇ ನಂಬಿದ ಸಂಸ್ಥೆಗಳು ಉಳಿದವು. ಉಡುಪಿಯ ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠ ವೇದಾಂತದ ದೀರ್ಘ ವ್ಯಾಸಂಗವನ್ನು ಶುಲ್ಕವಿಲ್ಲದೆ ನಡೆಸಿದ್ದು ಹೀಗೆಯೇ.

ಸಂವಿಧಾನದ 28ನೆಯ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಮತಬೋಧನೆಯನ್ನು ನಿಷೇಧಿಸಿತು. ಧರ್ಮವನ್ನು ಬೋಧಿಸುವುದು ಬೇರೆ, ಅಧ್ಯಯನ ಮಾಡುವುದು ಬೇರೆ ಎಂಬ ವಿಂಗಡಣೆ ಆಗ ಮುಖ್ಯವಾಯಿತು. ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ, ಕ್ರೈಸ್ತಧರ್ಮ ಅಧ್ಯಯನ ವಿಭಾಗ, ಧಾರವಾಡದ ಬಸವೇಶ್ವರ ಪೀಠ ಈ ಹಾದಿಯಲ್ಲಿ ಬೆಳೆದವು. 2010ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯ ಆರಂಭವಾಯಿತು. ಶೃಂಗೇರಿಯ ಸಂಸ್ಕೃತ ಕ್ಯಾಂಪಸ್ 2020ರ ಕಾಯ್ದೆಯಿಂದ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಅಂಗವಾಯಿತು. ಇಲ್ಲಿ ಹೊರೆ ಹೊರುವವರು ತೆರಿಗೆದಾರರು. ಆದ್ದರಿಂದ ಪ್ರವೇಶಕ್ಕೆ ಜಾತಿ, ಮತ, ಹೆಣ್ಣು, ಗಂಡು ಎಂಬ ತಡೆಯಿಲ್ಲ.

ಸಾವಿರಕ್ಕೂ ಹೆಚ್ಚು ವರ್ಷಗಳ ಈ ದಾಖಲೆ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಕನ್ನಡ ನಾಡಿನಲ್ಲಿ ಧರ್ಮಶಿಕ್ಷಣ ಕೈಗೆಟುಕುವಂತೆ ಉಳಿದದ್ದು ಬೇರೆಯವರು ಅದರ ಖರ್ಚು ಹೊತ್ತದ್ದರಿಂದ. ಹೊರೆ ಕೆಲವರ ದತ್ತಿಯಾಗಿದ್ದಾಗ ವಿದ್ಯೆ ಕೆಲವರಿಗೆ ಸಿಕ್ಕಿತು. ಅದು ಎಲ್ಲರ ಕಾಣಿಕೆ, ಎಲ್ಲರ ತೆರಿಗೆಯಾದ ಮೇಲೆ ಎಲ್ಲರಿಗೂ ಹಕ್ಕಾಯಿತು. ಈ ವಿಭಾಗಗಳನ್ನೂ ಪಾಠಶಾಲೆಗಳನ್ನೂ ಬಡ ವಿದ್ಯಾರ್ಥಿಗೆ ಎಟುಕುವ ಶುಲ್ಕದಲ್ಲಿ ಉಳಿಸಿಕೊಳ್ಳುವುದು ಇಂದಿನ ಸಮಾಜ ಮತ್ತು ಸರ್ಕಾರದ ಹೊಣೆ.