ಕೊರತೆಯೇ ರೂಪಿಸಿದ ಪೆನ್ಸಿಲ್

ಇಂಗ್ಲೆಂಡಿನ ವಾಯವ್ಯ ಮೂಲೆಯ ಬಾರೋಡೇಲ್ ಕಣಿವೆಯಲ್ಲಿ 16ನೇ ಶತಮಾನದಲ್ಲಿ ಸಿಕ್ಕ ಗ್ರಾಫೈಟ್ ಎಷ್ಟು ಶುದ್ಧವಾಗಿತ್ತೆಂದರೆ, ಗರಗಸದಿಂದ ಸೀಳಿದರೆ ಸಾಕು, ಬರೆಯುವ ಕಡ್ಡಿ ಸಿದ್ಧ. ಕುರಿಗಾಹಿಗಳು ಅದರಿಂದ ಕುರಿಗಳ ಮೈಮೇಲೆ ಗುರುತು ಹಾಕುತ್ತಿದ್ದರು. 1565ರಲ್ಲಿ ಜೂರಿಚ್‌ನ ನಿಸರ್ಗವಿಜ್ಞಾನಿ ಕಾನ್ರಾಡ್ ಗೆಸ್ನರ್ ಮರದ ಹಿಡಿಯೊಳಗೆ ಈ ಖನಿಜ ಸೇರಿಸಿದ ಲೇಖನಿಯೊಂದನ್ನು ತನ್ನ ಪುಸ್ತಕದಲ್ಲಿ ಚಿತ್ರಸಹಿತ ವರ್ಣಿಸಿದ. ಈ ಖನಿಜವನ್ನು ಬಹುಕಾಲ ಸೀಸದ ಒಂದು ಬಗೆಯೆಂದೇ ನಂಬಲಾಗಿತ್ತು. ಅದು ಇಂಗಾಲವೆಂದು ಸ್ವೀಡನ್ನಿನ ಕಾರ್ಲ್ ಶೀಲೆ ತೋರಿಸಿಕೊಟ್ಟದ್ದು 1770ರ ದಶಕದ ಕೊನೆಗೆ. ಫಿರಂಗಿ ಗುಂಡು ಎರಕಹೊಯ್ಯುವ ಅಚ್ಚುಗಳಿಗೆ ಒಳಲೇಪವಾಗಿಯೂ ಬೇಕಾಗಿದ್ದರಿಂದ ಗಣಿಗೆ ಕಾವಲು ಬಂತು. ಕಳವು ತಡೆಯಲು 1752ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನನ್ನೇ ಮಾಡಿತು.

ಒಂದೇ ಕಣಿವೆಯನ್ನು ನೆಚ್ಚಿಕೊಂಡ ವಸ್ತುವಿಗೆ ಯುದ್ಧ ಬಂದರೆ ಏನಾದೀತು? 1793ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಯುದ್ಧ ಶುರುವಾದಾಗ ಫ್ರಾನ್ಸಿಗೆ ಒಳ್ಳೆಯ ಗ್ರಾಫೈಟ್ ಬರುವುದು ನಿಂತಿತು. ನಕ್ಷೆ ಬರೆಯುವ ಎಂಜಿನಿಯರುಗಳಿಗೂ ಸೇನೆಗೂ ಪೆನ್ಸಿಲ್ ಬೇಕೇಬೇಕು. ಪರ್ಯಾಯ ಹುಡುಕುವ ಹೊಣೆ ನಿಕೊಲಾ ಜಾಕ್ ಕೊಂಟೆಯ ಮೇಲೆ ಬಿತ್ತು. ಚಿತ್ರಕಾರನೂ ಬಲೂನು ತಜ್ಞನೂ ಆಗಿದ್ದ ಆತ ಅಶುದ್ಧ ಗ್ರಾಫೈಟನ್ನು ಪುಡಿಮಾಡಿ, ನುಣ್ಣನೆಯ ಜೇಡಿಮಣ್ಣಿನೊಂದಿಗೆ ನಾದಿ, ಕಡ್ಡಿಯಾಗಿ ಹೊಸೆದು ಕುಲುಮೆಯಲ್ಲಿ ಸುಟ್ಟ. 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದರೆ ಗೆರೆ ಗಟ್ಟಿ ಮತ್ತು ತಿಳಿ, ಗ್ರಾಫೈಟ್ ಹೆಚ್ಚಾದರೆ ಮೆದು ಮತ್ತು ಗಾಢ. ಇಂದು ಅಂಗಡಿಯಲ್ಲಿ ಎಚ್‌ಬಿ, 2ಬಿ, 4ಎಚ್ ಎಂದು ಕೇಳಿ ಪಡೆಯುವುದೆಲ್ಲ ಈ ಹದದ ಲೆಕ್ಕವೇ. ಸುಮಾರು ಅದೇ ಕಾಲಕ್ಕೆ ವಿಯೆನ್ನಾದ ಯೋಸೆಫ್ ಹಾರ್ಟ್‌ಮುಟ್ ಕೂಡ ಇಂಥದೇ ಮಿಶ್ರಣದತ್ತ ಸಾಗಿದ್ದ. ನನ್ನ ಮಟ್ಟಿಗೆ ಪೆನ್ಸಿಲಿನ ನಿಜವಾದ ಹುಟ್ಟು ಇದೇ: ಗಣಿಯ ಕೃಪೆಯಿಂದ ಬಿಡಿಸಿಕೊಂಡು ಅದು ಕೈಹದದ ವಿದ್ಯೆಯಾಯಿತು.

ಆ ವಿದ್ಯೆ ಅಮೆರಿಕಕ್ಕೂ ತಲುಪಿತು. ಕಾಂಕರ್ಡ್ ಪಟ್ಟಣದಲ್ಲಿ ತಂದೆಯ ಪೆನ್ಸಿಲ್ ಕಾರ್ಖಾನೆಯಲ್ಲಿ ದುಡಿದ ಹೆನ್ರಿ ಡೇವಿಡ್ ಥೋರೊ ಗ್ರಾಫೈಟ್‌ಗೆ ಮಣ್ಣು ಬೆರೆಸುವ ಕ್ರಮವನ್ನು ಸುಧಾರಿಸಿದ. ‘ವಾಲ್ಡನ್’ ಬರೆದವನ ಈ ಕಸುಬನ್ನು ಸಾಹಿತ್ಯದ ಓದುಗರು ಹೆಚ್ಚಾಗಿ ನೆನೆಯುವುದಿಲ್ಲ. 1858ರಲ್ಲಿ ಹೈಮನ್ ಲಿಪ್‌ಮನ್ ಪೆನ್ಸಿಲಿನ ತುದಿಗೆ ರಬ್ಬರ್ ಸೇರಿಸಿ ಪೇಟೆಂಟ್ ಪಡೆದ. ಮುಂದೆ ನ್ಯಾಯಾಲಯದಲ್ಲಿ ಅದು ನಿಲ್ಲಲಿಲ್ಲ.

ಮರದ ಕಥೆಯೂ ಕೊರತೆಯದೇ. ಅಮೆರಿಕದ ಕೆಂಪು ಸೀಡರ್ ವಿರಳವಾದಾಗ ತಯಾರಕರು ಕ್ಯಾಲಿಫೋರ್ನಿಯಾ ಕಡೆಯ ಇನ್ಸೆನ್ಸ್ ಸೀಡರ್‌ಗೆ ಹೊರಳಿದರು. ಸಿಬಿರು ಏಳದೆ ಸಲೀಸಾಗಿ ಹೆರೆಯಬಲ್ಲ ಮರ ಎಲ್ಲೆಡೆ ಸಿಗದು. ನಮ್ಮಲ್ಲಿ 1958ರಲ್ಲಿ ಆರಂಭವಾದ ಹಿಂದೂಸ್ತಾನ್ ಪೆನ್ಸಿಲ್ಸ್ ನಟರಾಜ, ಅಪ್ಸರಾ ಹೆಸರುಗಳನ್ನು ಮನೆಮಾತಾಗಿಸಿತು. ಭಾರತದ ಪೆನ್ಸಿಲುಗಳಿಗೆ ಬೇಕಾದ ಮರದ ಬಹುಪಾಲು ಬರುವುದು ಕಾಶ್ಮೀರದ ಪಾಪ್ಲರ್‌ನಿಂದ. ಪುಲ್ವಾಮಾ ಜಿಲ್ಲೆಯ ಊಖೂ ಗ್ರಾಮದಲ್ಲಿ ಆ ಮರವನ್ನು ತೆಳು ಪಟ್ಟಿಗಳಾಗಿ ಸೀಳುವುದೇ ಜನರ ಜೀವನೋಪಾಯ. ಕರ್ನಾಟಕದ ಶಾಲಾಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಕಡ್ಡಿಗೂ ಕಾಶ್ಮೀರದ ಕಣಿವೆಗೂ ಹೀಗೆ ನಂಟಿದೆ.

ಇನ್ನು ಪೆನ್ಸಿಲ್ ಬರೆಯುವ ಗುಟ್ಟು: ಗ್ರಾಫೈಟಿನಲ್ಲಿ ಇಂಗಾಲ ಪದರಪದರವಾಗಿದ್ದು, ಪದರಗಳ ನಡುವಿನ ಹಿಡಿತ ಸಡಿಲ. ಕಾಗದಕ್ಕೆ ಉಜ್ಜಿದೊಡನೆ ಅವು ಜಾರಿ ನಾರುಗಳಿಗೆ ಅಂಟುತ್ತವೆ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಈ ಪದರಗಳನ್ನೇ ಸುಲಿಯುತ್ತ ಒಂದೇ ಪದರದ ಇಂಗಾಲವಾದ ಗ್ರಾಫೀನನ್ನು ಬೇರ್ಪಡಿಸಿದರು. 2010ರ ನೊಬೆಲ್ ಅವರಿಗೆ ಸಂದಿತು.

ಅಳಿಸಿದರೆ ಅಳಿಯುವ ಗೆರೆ, ಹಾಗೇ ಬಿಟ್ಟರೆ ಬಹುಕಾಲ ಬಾಳುತ್ತದೆ. ಬೆಳಕಿಗೆ ಮಾಸದು, ನೀರಿಗೆ ಕರಗದು. ಅದಕ್ಕೇ ಸಂಗ್ರಹಾಲಯಗಳಲ್ಲಿ ಮದ್ಯಸಾರದ ಜಾಡಿಯೊಳಗಿಟ್ಟ ಪ್ರಾಣಿಮಾದರಿಗಳ ಚೀಟಿಗಳನ್ನು ಪೆನ್ಸಿಲಿನಲ್ಲಿ ಬರೆಯುವ ರೂಢಿಯಿದೆ. ಹಸ್ತಪ್ರತಿಗಳನ್ನು ನೋಡಲು ಕೊಡುವ ಅನೇಕ ಪತ್ರಾಗಾರಗಳು ಟಿಪ್ಪಣಿಗೆ ಪೆನ್ಸಿಲನ್ನಷ್ಟೇ ಒಪ್ಪುತ್ತವೆ, ಏಕೆಂದರೆ ಶಾಯಿ ಒಮ್ಮೆ ಚೆಲ್ಲಿದರೆ ಹಳೆಯ ಹಾಳೆಯಿಂದ ಅದನ್ನು ತೆಗೆಯುವುದು ಅಸಾಧ್ಯ.