ಬತ್ತಿದ ಹಳ್ಳ, ಅರಸನ ಗಾಳ

ಏಪ್ರಿಲ್ ತಿಂಗಳಲ್ಲಿ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ನಿಂತರೆ, ಶಾಲ್ಮಲಾ ಹುಟ್ಟುವುದು ಇಲ್ಲೇ, ಇದೇ ನೀರು ಮುಂದೆ ಬೇಡ್ತಿಯನ್ನು ಕೂಡಿ ಗಂಗಾವಳಿ ಎನಿಸಿಕೊಂಡು ಅರಬ್ಬೀ ಸಮುದ್ರ ಸೇರುತ್ತದೆ ಎಂದರೆ ನಂಬುವುದು ಕಷ್ಟ. ಕಲಘಟಗಿ ಕಡೆಯ ನಮ್ಮೂರ ಹಳ್ಳದ್ದೂ ಇದೇ ಕಥೆ. ಬೇಸಿಗೆಗೆ ಹರಿವು ನಿಂತು ಅಲ್ಲಲ್ಲಿ ಮಡು ಉಳಿಯುತ್ತವೆ. ಅಂಥ ಮಡುವಿನ ದಂಡೆಗೆ ನಮ್ಮ ಮಾಮಾ ನನ್ನನ್ನು ಬೆಳಕು ಹರಿಯುವ ಮೊದಲೇ ಕರೆದೊಯ್ಯುತ್ತಿದ್ದ. "ನೆಳ್ಳು ನೀರಿಗೆ ಬೀಳಬಾರ್ದಲೇ, ಹಿಂದ ಸರಿ" ಅನ್ನುತ್ತಿದ್ದ. ನೀರು ತೆಳುವಾದಾಗ ನಮಗೆ ಮೀನು ಕಾಣುತ್ತದೆ, ಮೀನಿಗೆ ನಾವೂ ಕಾಣುತ್ತೇವೆ. ಸಿಗುತ್ತಿದ್ದದ್ದು ಹೆಚ್ಚಾಗಿ ಕೊರವ. ಮೇಲೆ ಬಂದು ಗಾಳಿ ನುಂಗಬಲ್ಲ ಮೀನಾದ್ದರಿಂದ ಕೆಸರುನೀರಿನಲ್ಲೂ ಅದು ಬದುಕುತ್ತದೆ.

ಹನ್ನೆರಡನೆಯ ಶತಮಾನದ ಬಗ್ಗೆ ಓದತೊಡಗಿದ ಮೇಲೆ ಗಾಳ ಮತ್ತೆ ಎದುರಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಒಂದು 'ಮತ್ಸ್ಯವಿನೋದ'. (ಧಾರವಾಡದ ಗುಡಿಯ ಸೋಮೇಶ್ವರ ಶಿವ, ದೊರೆಗೂ ಅವನಿಗೂ ಹೆಸರಷ್ಟೇ ಒಂದು.) ಮೀನುಗಳಲ್ಲಿ ಹುರುಪೆ ಇದ್ದವು ಯಾವುವು, ಬರೀ ಚರ್ಮದವು ಯಾವುವು, ಸಮುದ್ರದವು ಯಾವುವು, ನದಿಯವು ಯಾವುವು, ಯಾವುದಕ್ಕೆ ಏನು ಮೇವು, ಕೋಲು ದಾರ ಕೊಕ್ಕೆ ಹೇಗಿರಬೇಕು, ಎಲ್ಲವೂ ಅಲ್ಲಿದೆ. ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಬರೆದರು. ಗಾಳದ ಸಾಹಿತ್ಯವೆಂದರೆ ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಪುಸ್ತಕ ಎಂದುಕೊಳ್ಳುವವರಿಗೆ ಇದು ಐನೂರು ವರ್ಷ ಹಿಂದಿನದು.

ನನಗೂ ಹೆಮ್ಮೆಯೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಮೀನು ಹಿಡಿಯುವುದು ದೊರೆಯ ವಿನೋದ. ಮೇವು ಹಾಕಿ ರೂಢಿ ಮಾಡಿಸಿದ ಮೀನು ಅವನದು. ರಾತ್ರಿಯ ಸಾರಿಗೆಂದು ಬತ್ತಿದ ಹಳ್ಳದಲ್ಲಿ ಕಾಯುವವನು ಆ ಚಿತ್ರದೊಳಗಿಲ್ಲ.

ಅವನು ಕಾಗದದ ಮೇಲೆ ಬರುವುದು ಬಹಳ ತಡವಾಗಿ, ಅದೂ ಆರೋಪಿಯಾಗಿ. 1873ರಲ್ಲಿ ಫ್ರಾನ್ಸಿಸ್ ಡೇ ಸಿಹಿನೀರಿನ ಮೀನುಗಾರಿಕೆಯ ಕುರಿತು ಸರ್ಕಾರಕ್ಕೆ ವರದಿ ಕೊಟ್ಟ. ಅದೇ ವರ್ಷ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಿನಲ್ಲಿ ಅಚ್ಚಾಯಿತು. ಸಣ್ಣ ಕಣ್ಣಿನ ಬಲೆ, ಮರಿಗಳ ನಾಶ, ನೀರಿಗೆ ವಿಷ: ಅಂದಿನ ದೂರುಗಳು ಇವು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು, ವಿಷ, ಸುಣ್ಣ ಹಾಕಿ ಮೀನು ಕೊಲ್ಲುವುದನ್ನು ಅಪರಾಧವೆಂದಿತು. ಕಾಯ್ದೆ ಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ. ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿದರೆ ಬೆರಳುದ್ದದ ಮರಿಯೂ ಉಳಿಯುವುದಿಲ್ಲ. ಆದರೆ ಹಳ್ಳದವರು ತಾವಾಗಿಯೇ ಹಾಕಿಕೊಂಡ ಕಟ್ಟಳೆಗಳನ್ನು ಕಾಯ್ದೆ ಬರೆದವರೂ ಕೇಳಲಿಲ್ಲ, ನಾವು ಸಂಶೋಧಕರೂ ಕೇಳಿದ್ದು ಕಡಿಮೆ.

ಕೊರವ ತನ್ನ ಮರಿಗಳನ್ನು ಕಾಯುತ್ತದೆ. ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿದಂತೆ ಕಾಣುತ್ತದೆ. ಕೆಳಗೆ ತಾಯಿ-ತಂದೆ ಇರುತ್ತವೆ. ಆಗ ಗಾಳ ಹಾಕಿದರೆ ಸಿಟ್ಟಿನಿಂದ ಕಚ್ಚುತ್ತವೆ, ಹಿಡಿಯುವುದು ಬಲು ಸುಲಭ. ಮಳೆ ಶುರುವಾದ ಮೇಲೆ ಒಮ್ಮೆ ಅಂಥ ಗುಂಪು ಕಂಡಾಗ ನಾನು ಕೂಗಿಕೊಂಡೆ. ಮಾಮಾ ದಾರ ಸುತ್ತಿ, ಕಪ್ಪೆಮರಿಯ ಡಬ್ಬಿಯನ್ನು ನೀರಿಗೆ ಬಗ್ಗಿಸಿ, "ನಡಿ, ಮನೀಗೆ ಹೋಗೂಣು" ಅಂದ. ಅವತ್ತು ರಾತ್ರಿ ನಾವು ಉಂಡದ್ದು ರೊಟ್ಟಿ, ಶೇಂಗಾ ಹಿಂಡಿ.