ಎರಡನೆಯ ಪಿಸ್ತೂಲು: ಒಂದು ಐತಿಹಾಸಿಕ ವಿವೇಚನೆ

ಆತ್ಮರಕ್ಷಣೆಗೆಂದು ಒಂದು ಪಿಸ್ತೂಲನ್ನು ಧರಿಸಿದವನು ಮತ್ತೊಂದನ್ನೂ ಮರೆಯಾಗಿ ಇಟ್ಟುಕೊಳ್ಳುವ ರೂಢಿ ಅಮೆರಿಕದಲ್ಲಿ ಉಂಟು. ಇದನ್ನು ಬರಿಯ ಶಸ್ತ್ರಮೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಮೂಲವನ್ನು ಅರಸಿದರೆ, ಮೊದಲನೆಯ ಆಯುಧದ ಮೇಲಣ ಅವಿಶ್ವಾಸದಿಂದಲೇ ಎರಡನೆಯದು ಹುಟ್ಟಿತೆಂಬುದು ವಿದಿತವಾಗುತ್ತದೆ. ಆ ಅವಿಶ್ವಾಸದ ಕಾರಣಗಳು ಕಾಲಕಾಲಕ್ಕೆ ಬದಲಾದ ಬಗೆ ವಿಚಾರಾರ್ಹವಾದುದು.

ಹದಿನೆಂಟನೆಯ ಶತಮಾನದ ಚಕಮಕಿ ಪಿಸ್ತೂಲಿನಲ್ಲಿ ಸಾಮಾನ್ಯವಾಗಿ ಇದ್ದುದು ಒಂದೇ ಗುಂಡು. ಕಲ್ಲು ಉಕ್ಕಿಗೆ ತಾಗಿ ಹಾರಿದ ಕಿಡಿ ಹೊರಗಣ ಬಟ್ಟಲಿನ ಮದ್ದನ್ನು ಹೊತ್ತಿಸಬೇಕು. ಆ ಉರಿ ನಳಿಗೆಯೊಳಗಣ ಮದ್ದನ್ನು ಮುಟ್ಟಬೇಕು. ಮದ್ದು ತೇವವಾದರೆ ಎಲ್ಲವೂ ವ್ಯರ್ಥ. ಮತ್ತೆ ಮದ್ದುಗುಂಡು ತುಂಬಿ ಸಲಾಕೆಯಿಂದ ಜಡಿಯುವಷ್ಟು ಅವಕಾಶವನ್ನು ಎದುರಾಳಿ ಕೊಡುವನೆ? ಆದಕಾರಣ ಸವಾರರು ಜೀನಿನ ಎರಡೂ ಮಗ್ಗುಲಲ್ಲಿ ಒಂದೊಂದನ್ನು ಇಟ್ಟುಕೊಳ್ಳುತ್ತಿದ್ದರು. ‘ಕರಿಗಡ್ಡ’ನೆಂದು ಹೆಸರಾದ ಕಡಲ್ಗಳ್ಳ ಎಡ್ವರ್ಡ್ ಟೀಚ್ ಕಾಳಗದಲ್ಲಿ ಮೂರು ಜೋಡಿ ಧರಿಸುತ್ತಿದ್ದನೆಂದು 1724ರ ಗ್ರಂಥವೊಂದು ಹೇಳುತ್ತದೆ.

1807ರಲ್ಲಿ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟನು ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಪಡೆದನು. ಹಳೆಯ ಕಾರಣ ಕ್ರಮೇಣ ಕ್ಷೀಣಿಸಿತು. ಆದರೂ ಜೇಬಿನ ಪಿಸ್ತೂಲುಗಳಲ್ಲಿ ಒಂದೇ ಗುಂಡಿನವು ಉಳಿದುವು. 1865ರ ಏಪ್ರಿಲ್ 14ರ ರಾತ್ರಿ ಅಧ್ಯಕ್ಷ ಲಿಂಕನರಿಗೆ ಗುಂಡಿಕ್ಕಿದ ಬೂತ್ ಬಳಸಿದುದು ಇಂಥ ‘ಡೆರಿಂಜರ್’ ಪಿಸ್ತೂಲನ್ನೇ. ಮೇಜರ್ ರಾತ್‌ಬೋನ್ ಅವನನ್ನು ಹಿಡಿಯಲು ಹೋದಾಗ ಅವನು ಕಠಾರಿಯನ್ನು ಪ್ರಯೋಗಿಸಿದನು. ಆತ್ಮರಕ್ಷಣೆಗೆಂದು ಮಾರಾಟವಾದ ಆಯುಧ ಹಂತಕನಿಗೂ ಅಷ್ಟೇ ಅನುಕೂಲವಾಯಿತೆಂಬುದನ್ನು ಮರೆಯುವಂತಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ರೂಢಿ ವಿಶೇಷವಾಗಿ ಪೋಲೀಸರಲ್ಲಿ ಉಳಿಯಿತು. ಆರು ಗುಂಡು ತೀರಿದ ಮೇಲೆ ತೋಟಾ ತುಂಬುವುದಕ್ಕಿಂತ ಇನ್ನೊಂದು ರಿವಾಲ್ವರನ್ನು ಸೆಳೆಯುವುದು ಶೀಘ್ರ. ಇದಕ್ಕೆ ‘ನ್ಯೂಯಾರ್ಕ್ ರೀಲೋಡ್’ ಎಂಬ ಹೆಸರೇ ಬಂದಿತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ದರೋಡೆಕೋರರೊಡನೆ ನಡೆದ ಕಾಳಗದಲ್ಲಿ, ಕಾರುಗಳ ಡಿಕ್ಕಿಯಲ್ಲಿ ರಿವಾಲ್ವರನ್ನು ಕಳೆದುಕೊಂಡ ಕೇಂದ್ರ ತನಿಖಾಧಿಕಾರಿಯೊಬ್ಬನು ಐದು ಗುಂಡಿನ ಎರಡನೆಯದರಿಂದ ಹೋರಾಡಿದನು. ಆತನೂ ಗಾಯಗೊಂಡನು, ಇಬ್ಬರು ಸಹೋದ್ಯೋಗಿಗಳು ಹತರಾದರು. ಎರಡನೆಯ ಆಯುಧ ಉಪಯುಕ್ತವೆಂಬುದಕ್ಕೂ ಅಭಯಪ್ರದವಲ್ಲವೆಂಬುದಕ್ಕೂ ಇದೊಂದೇ ನಿದರ್ಶನ ಸಾಕು.

ಅಪರಾಧಿಗಳನ್ನು ಬೆನ್ನಟ್ಟುವುದು ಪೋಲೀಸನ ಕರ್ತವ್ಯ. ಪೇಟೆಗೆ ಹೋಗುವ ನಾಗರಿಕನದು ಬೇರೆ ಸ್ಥಿತಿ. ಈ ಭೇದದ ಕುರಿತ ವಾದ ಅಮೆರಿಕದಲ್ಲಿ ಹಳೆಯದು. ಕೆಂಟಕಿ ಸಂಸ್ಥಾನವು 1813ರಲ್ಲಿಯೇ ಮರೆಯಾಗಿ ಆಯುಧ ಧರಿಸುವುದನ್ನು ನಿಷೇಧಿಸಿತು. 1822ರಲ್ಲಿ ಅಲ್ಲಿನ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿತು. ನ್ಯೂಯಾರ್ಕ್ 1911ರಲ್ಲಿ ಪರವಾನಗಿಯನ್ನು ಕಡ್ಡಾಯಗೊಳಿಸಿತು. ವಿಶೇಷ ಕಾರಣ ತೋರಿಸಬೇಕೆಂಬ ಅಲ್ಲಿನ ನಿಯಮವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೆಗೆದುಹಾಕಿತು. ಭಾರತದ ಮಾರ್ಗ ಬೇರೆ. ಇಲ್ಲಿ ಪರವಾನಗಿಯೇ ಸಾಮಾನ್ಯ ನಿಯಮ; ಸಾಧಾರಣ ಪರವಾನಗಿದಾರನು ಹೊಂದಬಹುದಾದ ಬಂದೂಕು ಪಿಸ್ತೂಲುಗಳ ಮಿತಿಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು.

ಒದ್ದೆ ಮದ್ದಿನ ದೋಷವನ್ನು ಯಂತ್ರಶಿಲ್ಪಿಗಳು ನೀಗಿದರು. ಗುಂಡಿನ ಕೊರತೆಯನ್ನೂ ಬಹುಮಟ್ಟಿಗೆ ನೀಗಿದರು. ನಾಗರಿಕನು ಇನ್ನೂ ಎರಡನೆಯದನ್ನು ಬಯಸುವನಾದರೆ ಅವನ ಅವಿಶ್ವಾಸ ಯಂತ್ರಕ್ಕಿಂತ ಹೆಚ್ಚಾಗಿ ನೆರೆಹೊರೆಯ ಮೇಲಿನದು. ಅದನ್ನು ನೀಗುವ ಹೊಣೆ ಯಂತ್ರಶಿಲ್ಪಿಯದಲ್ಲ, ಸಮಾಜದ್ದು.